ಕರಿಯವ್ವನ ಹಂದಿಗೆ ಹುರಿದ ಅಗಸಿ

ಹಂದಿಮರಿ ತಾಯಿಯ ಹಾಲು ಬಿಟ್ಟ ವಾರದಲ್ಲಿ ಏನಾಗುತ್ತದೆ ಎಂಬುದು ಹಂದಿ ಸಾಕಿದ ಮನೆಯವರಿಗೆಲ್ಲ ಗೊತ್ತು. ನಿನ್ನೆಯವರೆಗೆ ಕಾಲಿಗೆ ಕಾಲು ಸಿಕ್ಕಿಸಿಕೊಂಡು ಓಡಾಡುತ್ತಿದ್ದ ಮರಿ ಇವತ್ತು ಮೂಲೆ ಹಿಡಿಯುತ್ತದೆ. ನೀರು ನೀರಾಗಿ ಭೇದಿ ಹತ್ತುತ್ತದೆ. ಮೈಮೇಲಿನ ಕೂದಲು ನಿಗುರಿ ನಿಲ್ಲುತ್ತವೆ. ಆಮೇಲೆ ಅದನ್ನು ಗೋಣಿತಟ್ಟಿನಲ್ಲಿ ಸುತ್ತಿಕೊಂಡು ಹಳ್ಳದ ಕಡೆ ಹೋಗಬೇಕಾಗುತ್ತದೆ. ದಾರಿಯಲ್ಲಿ ಸಿಕ್ಕವರು ಏನಾಯಿತೆಂದು ಕೇಳುವುದೂ ಇಲ್ಲ. ಹಂದಿ ಸತ್ತರೆ ಯಾರು ಕೇಳುತ್ತಾರೆ?

ಮೋಟೆಬೆನ್ನೂರಿನ ಕರಿಯವ್ವನಿಗೆ ಮೈ ಉರಿಯುತ್ತಿದ್ದದ್ದು ಇದಕ್ಕೇ. ಎಮ್ಮೆಯ ಕರು ಸತ್ತರೆ ಓಣಿಗೆ ಓಣಿಯೇ ಬಂದು ಕುಳಿತು ಲೊಚಗುಡುತ್ತದೆ. ಹಂದಿಮರಿ ಸತ್ತರೆ ಮೂಗು ಮುಚ್ಚಿಕೊಂಡು ಆಚೆ ಸರಿಯುತ್ತದೆ. ಹೋದ ಸಲದ ಮರಿಗಳಲ್ಲಿ ಒಂದು ಬಿಟ್ಟು ಉಳಿದವೆಲ್ಲ ಹೀಗೆಯೇ ಹೋಗಿದ್ದವು. ಅವಳು ಒಬ್ಬಳೇ ಹೊತ್ತು, ಒಬ್ಬಳೇ ಹೂಳಿ ಬಂದಿದ್ದಳು.

ಅವಳ ಮನೆ ಹೆದ್ದಾರಿಯ ಮಗ್ಗುಲಿನ ಕೆಳಗಿನ ಓಣಿಯಲ್ಲಿ. ಗಂಡ ಹಾಲಸಿದ್ದಪ್ಪ ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಹಮಾಲಿ. ದಿನಾ ಸಂಜೆ ಕಣ್ಣು ಕೆಂಪಗೆ ಮಾಡಿಕೊಂಡು, ಸೀನುತ್ತ ಮನೆಗೆ ಬರುವ ಮನುಷ್ಯ. ಮನಸ್ಸು ಮೆತ್ತಗೆ. ಹೆಂಡತಿ ಒಂದು ಹೇಳಿದರೆ ಹೂಂ ಅನ್ನುತ್ತಾನೆ, ತಾಯಿ ಅದಕ್ಕೆ ಎದುರು ಹೇಳಿದರೆ ಅದಕ್ಕೂ ಹೂಂ ಅನ್ನುತ್ತಾನೆ. ಆ ತಾಯಿ ಮುದುಕವ್ವ, ಮನೆಯ ಹಿರಿಯಳು. ಹಂದಿಯ ನಡುವೆಯೇ ಹುಟ್ಟಿ ಬೆಳೆದವಳು. ಹಂದಿಯ ವಿಷಯದಲ್ಲಿ ತನಗೆ ಯಾರೂ ಏನೂ ಕಲಿಸಬೇಕಾಗಿಲ್ಲ ಎಂದು ನಂಬಿದವಳು.

ಆ ಮನೆಯಲ್ಲಿ ಮೊದಲು ಇದ್ದದ್ದು ಕರಿ ಹಂದಿ. ಮುಂಜಾನೆ ಬಿಟ್ಟರೆ ಸಂಜೆಗೆ ತಾವೇ ಹೊಟ್ಟೆ ತುಂಬಿಸಿಕೊಂಡು ಬರುತ್ತಿದ್ದವು. ಹಂದಿಗೆ ಕೈಯಾರೆ ಮೇವು ಹಾಕುವುದು ಅವರ ಪೈಕಿಯಲ್ಲಿ ನಗೆಪಾಟಲಿನ ಮಾತು. ಮಹಿಳಾ ಸಂಘದಿಂದ ಕರಿಯವ್ವನ ಹೆಸರಿಗೆ ಬಿಳಿ ಜಾತಿಯ ಹೆಣ್ಣು ಹಂದಿ ಬಂದದ್ದೇ ಬಂದದ್ದು, ಅತ್ತೆಗೂ ಸೊಸೆಗೂ ಜಗಳ ಹತ್ತಿತು.

"ಹಂದಿಗೂ ತಾಟು ಇಟ್ಟು ಉಣ್ಣಾಕ ನೀಡಬೇಕಂತ! ಇನ್ನ ಮಣಿ ಹಾಕಿ ಕುಂದ್ರಸ್ರಿ ಅದನ್ನ" ಎಂದು ಮುದುಕವ್ವ ಬಂದವರ ಮುಂದೆಲ್ಲ ಆಡಿಕೊಳ್ಳುತ್ತಿದ್ದಳು.

"ಅದು ಬಿಳಿ ಜಾತಿ ಅತ್ತಿ. ಹೊರಗ ಬಿಟ್ರ ಬಾಳಂಗಿಲ್ಲ."

"ಬಾಳಲಿಕ್ಕಂದ್ರ ಯಾಕ ಬೇಕು ಅದು? ನೋಡು, ಈ ಸಲದ ಮರೀನೂ ಹೋದ್ವು ಅಂದ್ರ ತಾಯಿ ಹಂದಿ ಹಾವೇರಿ ವ್ಯಾಪಾರಿ ಟೆಂಪೋ ಹತ್ತತೈತಿ. ಮಾತು ಕೊಟ್ಟೇನಿ ನಾನು."

ಹಾಲಸಿದ್ದಪ್ಪ ಹೂಂ ಅಂದ.

ಕರಿಯವ್ವ ಒಳಗೆ ಕುದ್ದುಹೋದಳು. ಮನೆ ಅತ್ತೆಯದು. ಪಾತ್ರೆ ಪಡಗ ಅತ್ತೆಯವು. ಕೊರಳಲ್ಲಿನ ತಾಳಿ ಸಹ ಅತ್ತೆಯ ಹಳೆಯ ಬೋರಮಾಳ ಸರ ಮುರಿಸಿ ಮಾಡಿಸಿದ್ದು. ಈ ಲೋಕದಲ್ಲಿ ಕರಿಯವ್ವ ಎಂಬ ಹೆಸರಿಗೆ ಬಂದದ್ದು ಆ ಬಿಳಿ ಹಂದಿ ಒಂದೇ. ಅದನ್ನು ಕಳೆದುಕೊಳ್ಳಲು ಅವಳು ತಯಾರಿರಲಿಲ್ಲ.

ತೊಂಬತ್ತಮೂರರ ಚಳಿಗಾಲದಲ್ಲಿ ಊರಿನಲ್ಲಿ ದನಗಳ ಚಿಕಿತ್ಸಾ ಶಿಬಿರ ನಡೆಯಿತು. ಬ್ಯಾಡಗಿಯ ಪಶು ಆಸ್ಪತ್ರೆಯಿಂದ ಡಾಕ್ಟರ್ ಸುಲಭಾ ಎಂಬವರು ಲೂನಾ ಮೊಪೆಡ್ ಮೇಲೆ ಬಂದಿದ್ದರು. ಎತ್ತು, ಎಮ್ಮೆ, ಆಕಳು ಸಾಲಾಗಿ ನಿಂತಿದ್ದವು. ಕರಿಯವ್ವ ಒಂದು ಮರಿಯನ್ನು ಬುಟ್ಟಿಯಲ್ಲಿ ಇಟ್ಟುಕೊಂಡು ಹೋಗಿ ಅದೇ ಸಾಲಿನಲ್ಲಿ ನಿಂತಳು. ಅವಳ ಹಿಂದೆ ಎರಡು ದೊಡ್ಡ ಎತ್ತು ಹಿಡಿದುಕೊಂಡು ಊರಿನ ದೊಡ್ಡ ಹೊಲದ ಯಜಮಾನ ಪ್ರಭುಲಿಂಗಪ್ಪ ನಿಂತಿದ್ದ.

"ಏನಬೇ, ದನದ ಪಾಳೇದಾಗ ಹಂದಿ ತಂದೀದಿ? ಹಿಂದಕ ಸರಿ."

"ನಾ ಮೊದಲ ಬಂದೇನ್ರಿ."

"ನಮ್ಮ ಎತ್ತು ಬೆದರ್ತಾವ!"

"ಇಷ್ಟ ದೊಡ್ಡ ಎತ್ತು ಈ ಬುಟ್ಟ್ಯಾಗಿನ ಮರಿಗೆ ಬೆದರಿದ್ರ, ನೀವು ಮೊದಲ ಎತ್ತಿಗೆ ಔಷಧಿ ಮಾಡಸ್ರಿ."

ನಾಲ್ಕು ಜನ ಕಿಸಕ್ಕನೆ ನಕ್ಕರು. ಪ್ರಭುಲಿಂಗಪ್ಪನ ಮುಖ ಕೆಂಪಾಯಿತು. ಸುಲಭಾ ಬಾಯಿಯವರು ತಲೆಯೆತ್ತಿ ನೋಡಿ, "ಪಾಳೇದಾಗ ನಿಂತವರದು ಪಾಳೇ. ಇಲ್ಲೆ ತರ್ರಿ ಆ ಬುಟ್ಟಿ" ಅಂದರು.

ಮರಿಯನ್ನು ಎತ್ತಿ ಹೊಟ್ಟೆ ಒತ್ತಿ ನೋಡಿದರು, ಕಣ್ಣಿನ ರೆಪ್ಪೆ ಬಿಡಿಸಿ ನೋಡಿದರು. ಹಂದಿ ಜ್ವರದ ಲಸಿಕೆಯ ಬಗ್ಗೆ ಹೇಳಿದರು. ಆಮೇಲೆ ಹೇಳಿದರು:

"ಹಾಲು ಬಿಡಿಸೋ ಹೊತ್ತಿಗೆ ಮರಿಗೆ ತಾಯಿ ಕೊಟ್ಟ ಶಕ್ತಿ ಕಡಿಮಿ ಆಗ್ತದ, ತನ್ನದು ಅನ್ನೋ ಶಕ್ತಿ ಇನ್ನೂ ಬಂದಿರೂದಿಲ್ಲ. ಆವಾಗ ರೋಗ ಒಳಗ ಹೊಕ್ಕೊಳ್ತದ. ಮರಿಗೆ ಒಳ್ಳೆ ಎಣ್ಣಿ ಅಂಶ ಬೇಕು. ಅಗಸಿ ಕಾಳು ಕೊಡ್ರಿ, ಹೆಂಗಂದ್ರ..."

"ಅಗಸಿ!" ಪ್ರಭುಲಿಂಗಪ್ಪ ಹಿಂದಿನಿಂದ ಕೂಗಿದ. "ನಾವು ರೊಟ್ಟಿ ಜೋಡಿ ತಿನ್ನೂ ಅಗಸಿ ಹಂದಿಗೆ ಹಾಕಬೇಕಂತ್ರೋ! ಬಾಯಾರ, ನಾಳೆ ತುಪ್ಪಾನೂ ಹಾಕ್ರಿ ಅಂತೀರಿ ನೀವು."

ಆ ಗದ್ದಲದಲ್ಲಿ ಎತ್ತು ಒಂದು ಕಣ್ಣಿ ಹರಿದುಕೊಂಡು ಓಡಿತು. ಜನ ಅದರ ಹಿಂದೆ, ಡಾಕ್ಟರ ಬಾಯಿಯವರೂ ಅದರ ಹಿಂದೆ. ಕರಿಯವ್ವ ಅರ್ಧ ಮಾತು ಕೇಳಿಕೊಂಡು ಮನೆಗೆ ಬಂದಳು.

ಆ ಅರ್ಧ ಮಾತೇ ಅನರ್ಥ ಮಾಡಿತು.

ಅಗಸಿಯ ಹೆಸರು ಎತ್ತಿದರೆ ಅತ್ತೆಯೂ ಪ್ರಭುಲಿಂಗಪ್ಪನ ಹಾಗೆಯೇ ಆಡಿಕೊಳ್ಳುತ್ತಾಳೆಂದು ಮನೆಯಲ್ಲಿ ಅವಳು ಹೇಳಿದ್ದು ಇಷ್ಟು: "ಮರಿಗೆ ಎಣ್ಣಿ ಅಂಶ ಬೇಕಂತ." ಹಾಲಸಿದ್ದಪ್ಪ ಹೂಂ ಅಂದ. ಈ ಸಲ ಬರೀ ಹೂಂ ಅಂದು ಸುಮ್ಮನಾಗಲಿಲ್ಲ, ಪಾಪ, ಹೆಂಡತಿಗೆ ಉಪಕಾರ ಮಾಡಲು ಹೊರಟ. ಹೆದ್ದಾರಿಯ ಮೇಲೆ ಶೇಖಪ್ಪನ ಮೆಣಸಿನಕಾಯಿ ಭಜಿಯ ಅಂಗಡಿ ಇದೆ. ಮುಂಜಾನೆಯಿಂದ ಸಂಜೆವರೆಗೆ ಒಂದೇ ಬಾಣಲಿ, ಒಂದೇ ಎಣ್ಣೆ. ಸಂಜೆಗೆ ತಳದಲ್ಲಿ ಉಳಿಯುವುದು ಡಾಂಬರಿನಷ್ಟು ಕಪ್ಪು.

"ಚೆಲ್ಲೂ ಎಣ್ಣಿ, ಒಯ್ಯೋ ಮಾರಾಯಾ" ಎಂದು ಶೇಖಪ್ಪ ಡಬ್ಬಿ ತುಂಬ ಸುರಿದುಕೊಟ್ಟ.

"ಎಣ್ಣಿ ಅಂದ್ರ ಎಣ್ಣಿ" ಎಂದು ಹಾಲಸಿದ್ದಪ್ಪ ಆಗಷ್ಟೇ ಹಾಲು ಬಿಡಿಸಿದ್ದ ಮರಿಗಳ ನುಚ್ಚಿನ ಗಂಜಿಗೆ ಸವಟುಗಟ್ಟಲೆ ಹಾಕಿದ. ಖಾರದ ವಾಸನೆಗೆ ಅವು ಮೊದಲು ಮುಖ ತಿರುಗಿಸಿದವು, ಹಸಿವಿಗೆ ಆಮೇಲೆ ನೆಕ್ಕಿದವು. ಕರಿಯವ್ವ ಅಂದು ಕೂಲಿಗೆ ಹೋಗಿದ್ದಳು. ಬಂದು ಕೇಳಿದಾಗ ಅವಳಿಗೂ ತಪ್ಪು ಅನಿಸಲಿಲ್ಲ. ಎಣ್ಣೆ ಎಂದರೆ ಎಣ್ಣೆಯೇ ಅಲ್ಲವೆ? ಗಂಡ ಮೊದಲ ಸಲ ತನ್ನ ಹಂದಿಗೆ ಏನಾದರೂ ತಂದನಲ್ಲ ಎಂದು ಒಳಗೊಳಗೆ ಖುಷಿಯೂ ಆಯಿತು.

ಮೂರನೆಯ ದಿನಕ್ಕೆ ಮರಿಗಳಿಗೆಲ್ಲ ಭೇದಿ. ಮರುದಿನ ಎರಡು ಸತ್ತವು.

ಕರಿಯವ್ವ ಸತ್ತ ಮರಿಗಳನ್ನು ನೋಡಿ ಅತ್ತಳು. ಹಂದಿಗಾಗಿ ಅಳುವುದು ನಾಚಿಕೆಯ ವಿಷಯ ಎಂದು ಓಣಿಯವರು ಅನ್ನಬಹುದು. ಅನ್ನಲಿ. ಅವಳು ಅವನ್ನು ಹುಟ್ಟಿದಾಗಿನಿಂದ ಒರೆಸಿ ಬೆಚ್ಚಗೆ ಇಟ್ಟಿದ್ದಳು, ಅತ್ತಳು.

ಮುದುಕವ್ವ ಅಳಲಿಲ್ಲ, ಹಾವೇರಿಗೆ ಹೇಳಿ ಕಳಿಸಿದಳು. ಮರುದಿನವೇ ವ್ಯಾಪಾರಿ ಟೆಂಪೋ ತಂದು ಓಣಿಯ ಬಾಯಿಗೆ ನಿಲ್ಲಿಸಿ, ಹಗ್ಗ ಹಿಡಿದುಕೊಂಡು ಒಳಗೆ ಬಂದ. ಕರಿಯವ್ವ ಹಂದಿಯ ಗೂಡಿನ ಬಾಗಿಲಿಗೆ ಅಡ್ಡ ಕುಳಿತಿದ್ದಳು.

"ಏಳಬೇ ತಂಗಿ, ಹೊತ್ತಾಗಾಕತ್ತೈತಿ."

"ಆಗಲಿ. ನಾ ಏಳಂಗಿಲ್ಲ."

"ನಿಮ್ಮತ್ತಿ ಮಾತು ಕೊಟ್ಟಾಳ."

"ಅತ್ತಿ ಮಾತು ಕೊಟ್ಟಿದ್ರ ಅತ್ತೀನ್ನ ಕರಕೊಂಡ ಹೋಗ್ರಿ. ಹಂದಿ ನಂದು."

ಓಣಿ ಹೋ ಎಂದು ನಕ್ಕಿತು. ಮುದುಕವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಮುಂದೆ ಬಂದಳು. "ನನ್ನ ಮನ್ಯಾಗ ನಿಂತು ನನಗ ಮಾತಾಡ್ತೀ? ಎರಡು ಹೋದ್ವು. ಉಳಿದವೂ ಹೊಂಟಾವ. ಆಮ್ಯಾಲ ಏನ ಮಾಡ್ತಿ?"

"ಉಳಿದವು ಬದುಕಿದ್ರ ಹಂದಿ ನಂದು, ಅದರ ಮಾತು ನೀವು ಎತ್ತಂಗಿಲ್ಲ. ಸತ್ರ ನಾನ ಹಗ್ಗಾ ಹಿಡದು ಟೆಂಪೋ ಹತ್ತಸ್ತೇನಿ. ಎಲ್ಲಾರ ಮುಂದ ಹೇಳಾಕತ್ತೇನಿ, ಕೇಳ್ಕೊರಿ."

ಹೇಳಿದ ಮೇಲೆ ಅವಳು ಗೂಡಿನೊಳಗೆ ಇಣುಕಿದಳು. ಉಳಿದ ಮರಿಗಳು ಆಗಲೇ ತಲೆ ಎತ್ತುತ್ತಿರಲಿಲ್ಲ. ಆದರೆ ಮಾತು ಬಾಯಿಂದ ಹೊರಗೆ ಬಿದ್ದಾಗಿತ್ತು. ಮುದುಕವ್ವನೂ ಎಲ್ಲರ ಮುಂದೆ ಹಿಂದೆ ಸರಿಯುವ ಹೆಂಗಸಲ್ಲ, "ಆತು" ಅಂದಳು. ವ್ಯಾಪಾರಿ ಮುಂದಿನ ವಾರ ಬರುತ್ತೇನೆಂದು ಹೋದ.

ಕರಿಯವ್ವ ತಡ ಮಾಡಲಿಲ್ಲ. ಕಪ್ಪು ಎಣ್ಣೆ ಉಳಿದಿದ್ದ ಡಬ್ಬಿಯನ್ನು ಕೈಯಲ್ಲಿ ಹಿಡಿದು ಬ್ಯಾಡಗಿಗೆ ಹೋದಳು. ಪಶು ಆಸ್ಪತ್ರೆಯಲ್ಲಿ ಸುಲಭಾ ಬಾಯಿಯವರು ಡಬ್ಬಿಯ ಮುಚ್ಚಳ ತೆಗೆದು ಮೂಸಿ, ಮುಖ ಹಿಂದಕ್ಕೆ ಎಳೆದುಕೊಂಡರು.

"ಇದನ್ನ ಹಾಕಿದ್ರಿ?"

"ಎಣ್ಣಿ ಅಂಶ ಬೇಕಂದಿದ್ರಲ್ರಿ."

"ಅಯ್ಯ, ಕರಿಯವ್ವಾ! ಇದು ಎಣ್ಣಿ ಅಲ್ಲ, ಸುಟ್ಟ ವಿಷ. ಒಂದ ಎಣ್ಣಿ ಹತ್ತ ಸಲ ಕುದ್ರ ಅದರಾಗಿನ ಒಳ್ಳೇದೆಲ್ಲ ಕೆಟ್ಟು ಹೋಗ್ತದ. ದೊಡ್ಡವರ ಹೊಟ್ಟಿಗೇ ಅದು ತಡಿಯೂದಿಲ್ಲ. ಎಳೆ ಮರಿ ಕರುಳು ಎಲ್ಲಿಂದ ತಡೀತದ? ತಪ್ಪು ನಂದೂ ಅದ. ಅವತ್ತ ಅರ್ಧಾ ಹೇಳಿ ಎತ್ತಿನ ಹಿಂದ ಓಡಿದೆ. ಕುಂದ್ರಿ, ಈಗ ಪೂರಾ ಕೇಳ್ರಿ."

ಕರಿಯವ್ವ ನೆಲದ ಮೇಲೆ ಕುಳಿತಳು. ಬಾಯಿಯವರು ಸ್ಟೂಲು ತೋರಿಸಿದ ಮೇಲೆ ಎದ್ದು ಸ್ಟೂಲಿನ ಮೇಲೆ ಕುಳಿತಳು.

"ಎಣ್ಣಿಕಾಳಿನಾಗ ಕೊಬ್ಬಿನಾಮ್ಲ ಅಂತ ಇರ್ತಾವ."

"ಆಮ್ಲಾ ಅಂದ್ರ ಆಸಿಡ್ ಅಲ್ಲೇನ್ರಿ? ಅದನ್ನ ಮರಿಗೆ ಹಾಕಬೇಕ?"

"ಹೆಸರು ಕೇಳಿ ಹೆದರಬ್ಯಾಡ್ರಿ. ನೀವು ದಿನಾ ರೊಟ್ಟಿ ಜೋಡಿ ತಿಂತೀರಿ ಅದನ್ನ. ಅಗಸಿಯೊಳಗಿನ ಎಣ್ಣಿಯಾಗ ಒಂದು ಭಾಳ ಒಳ್ಳೆ ಕೊಬ್ಬಿನಾಮ್ಲ ಅದ. ಅದು ಕರುಳಿನ ಬೇನಿ ಕಡಿಮಿ ಮಾಡಾಕ, ರೋಗದ ಕೂಡ ಜಗಳಾಡೋ ಶಕ್ತಿ ಬೆಳಿಯಾಕ ಸಹಾಯ ಮಾಡ್ತದ. ತಾಯಿ ತಿಂದ್ರ ಅದು ಹಾಲಿನಾಗ ಇಳಿದು ಮರಿಗೆ ಮುಟ್ತದ. ಆದರ ನೆನಪಿಡ್ರಿ, ಅಗಸಿ ಔಷಧಿ ಅಲ್ಲ. ಲಸಿಕಿ ಬದಲಿಗೆ ಅಗಸಿ ಅಂತ ತಿಳಕೊಂಡ್ರ ಮೋಸ ಹೋಗ್ತೀರಿ. ಲಸಿಕಿ ಬೇಕ, ಒಣಾ ಜಾಗ ಬೇಕ, ಶುದ್ಧ ನೀರು ಬೇಕ. ಅದರ ಜೋಡಿ ಅಗಸಿ."

ಹೇಗೆ ಕೊಡಬೇಕು ಎಂಬುದನ್ನು ಅವರು ಕೈಯಲ್ಲಿ ತೋರಿಸಿ ಹೇಳಿದರು. ಹಸಿ ಅಗಸಿ ಹಾಕಬಾರದು, ಹುರಿಯಬೇಕು. ಇಡೀ ಕಾಳು ಹಾಕಿದರೆ ಹೋದ ಹಾಗೆ ಹೊರಗೆ ಬರುತ್ತದೆ, ಆದ್ದರಿಂದ ಪುಡಿ ಮಾಡಬೇಕು. ಪುಡಿ ಬಹಳ ದಿನ ಇಟ್ಟರೆ ಕಮಟು ಹಿಡಿಯುತ್ತದೆ, ಆ ಕಮಟು ಪುಡಿಯೂ ಸುಟ್ಟ ಎಣ್ಣೆಯ ತಮ್ಮನೇ. ಹಾಲು ಬಿಟ್ಟ ಮರಿಗೆ ಗಂಜಿಯಲ್ಲಿ ಹೊತ್ತಿಗೆ ಒಂದು ಸಣ್ಣ ಚಮಚ ಸಾಕು. ಗಬ್ಬದ ಹಂದಿಗೆ ಕಡೆಯ ತಿಂಗಳಲ್ಲಿ, ಮತ್ತೆ ಹಾಲು ಕುಡಿಸುವಷ್ಟು ದಿನವೂ, ದಿನಕ್ಕೆ ಒಂದು ಮುಷ್ಟಿ. ಹೆಚ್ಚು ಹಾಕಿದರೆ ಹೆಚ್ಚು ಬಲ ಬರುವುದಿಲ್ಲ, ಭೇದಿ ಬರುತ್ತದೆ.

"ಈಗ ಮರಿಗೋಳಿಗೆ ಮೊದಲ ಭೇದಿ ನಿಲ್ಲಲಿ. ಈ ಪುಡಿ ಔಷಧಿ ಕೊಡ್ರಿ. ಕುದಿಸಿ ಆರಿಸಿದ ನೀರಿಗೆ ಚೂರು ಉಪ್ಪು, ಸಕ್ಕರಿ ಹಾಕಿ ಆಗಾಗ ಕುಡಸ್ರಿ. ಒಣಾ ಹುಲ್ಲಿನ ಮ್ಯಾಲ ಬೆಚ್ಚಗ ಇಡ್ರಿ. ಹೊಟ್ಟಿ ಹಿಡದ ಮ್ಯಾಲ ಅಗಸಿ."

ಏಳುವಾಗ ಕರಿಯವ್ವ ಕೇಳಿದಳು: "ಬಾಯಾರ, ನೀವು ಹಂದಿ ಮುಟ್ಟಿದ್ರ ನಿಮ್ಮ ಮನ್ಯಾಗ ಏನೂ ಅನ್ನಂಗಿಲ್ಲೇನ್ರಿ?"

ಸುಲಭಾ ನಕ್ಕರು. "ಅಂತಾರ. ನಮ್ಮಜ್ಜಿ ಗೋದೂಬಾಯಿ ಹಿತ್ತಲದಾಗ ತಲಿಮ್ಯಾಲೆ ನೀರು ಹಾಕಿನ ಒಳಗ ಬಿಡ್ತಾರ. ಹಾಕಿಸ್ಕೋತೇನಿ. ಮರುದಿನ ಮತ್ತ ಹಂದಿ ನೋಡಾಕ ಹೋಗ್ತೇನಿ."

ಆ ಮಾತು ಕರಿಯವ್ವನಿಗೆ ಬಹಳ ಹಿಡಿಸಿತು. ಔಷಧಿಯ ಪೊಟ್ಟಣಕ್ಕಿಂತ ಹೆಚ್ಚು ಬಲ ಬಂದಂತಾಯಿತು.

ಔಷಧಿ, ಉಪ್ಪು ಸಕ್ಕರೆಯ ನೀರು, ಒಣಹುಲ್ಲು. ಮರಿಗಳ ಭೇದಿ ನಿಧಾನಕ್ಕೆ ಹಿಡಿಯಿತು. ಆದರೆ ಅವು ಒಣಗಿದ ಹೀರೇಕಾಯಿಯಂತೆ ಆಗಿದ್ದವು. ಇನ್ನು ಅಗಸಿ ಬೇಕು. ಅಗಸಿ ಇದ್ದದ್ದು ಪ್ರಭುಲಿಂಗಪ್ಪನ ಮನೆಯಲ್ಲಿ. ಅವನ ಎರೆ ಹೊಲದಲ್ಲಿ ಕಡಲೆಯ ಸುತ್ತ ಅಗಸಿಯ ಸಾಲು ಹಾಕುತ್ತಿದ್ದರು. ಕರಿಯವ್ವ ಚೀಲ ಹಿಡಿದು ಹೋದಳು.

"ಅಗಸಿ ಬೇಕಾಗಿತ್ತು ಯಜಮಾನ್ರ. ರೊಕ್ಕಾ ತಂದೇನಿ."

ಪ್ರಭುಲಿಂಗಪ್ಪ ಕಟ್ಟೆಯ ಮೇಲೆ ಕುಳಿತಿದ್ದ. "ಯಾರಿಗೆ? ಮನಿಗೋ, ಹಂದಿಗೋ?"

ಮನೆಗೆ ಎಂದು ಒಂದು ಮಾತು ಅಂದಿದ್ದರೆ ಅಗಸಿ ಸಿಗುತ್ತಿತ್ತು. ಅದು ಅವಳಿಗೆ ಗೊತ್ತಿತ್ತು, ಕೇಳಿದವನಿಗೂ ಗೊತ್ತಿತ್ತು. ಅವನು ಬಯಸಿದ್ದೂ ಅದನ್ನೇ: ಅವಳು ಕಣ್ಣು ತಗ್ಗಿಸಿ ಒಂದು ಸುಳ್ಳು ಹೇಳಬೇಕು.

"ಹಂದಿಗೆ ರೀ" ಅಂದಳು ಕರಿಯವ್ವ.

"ಹಂಗಾರ ಕೊಡಂಗಿಲ್ಲ. ಉಣ್ಣೂ ಕಾಳು ಅದು."

"ನಿಮ್ಮ ಎತ್ತಿಗೆ ಅಗಸಿ ಹಿಂಡಿ ಹಾಕ್ತೀರಲ್ರಿ?"

"ಎತ್ತು ದುಡಿತೈತಿ."

"ನನ್ನ ಹಂದೀನೂ ದುಡಿತೈತ್ರಿ. ವರ್ಷಕ್ಕ ಎರಡು ಸಲ ಮರಿ ಹಾಕಿ ನಮ್ಮ ಮನಿ ಒಲಿ ಹೊತ್ತಸ್ತೈತಿ. ಅದೇನ ನಿಮ್ಮ ಕಟ್ಟಿ ಮ್ಯಾಲ ಕುಂತು ಎಲಿ ಅಡಕಿ ಹಾಕ್ಕೋತೈತೇನು?"

ಇಷ್ಟು ಹೇಳಿ ಖಾಲಿ ಚೀಲ ಕೊಡವಿ ಹೆಗಲಿಗೆ ಹಾಕಿಕೊಂಡು ಬಂದಳು. ರವಿವಾರ ರಾಣೆಬೆನ್ನೂರಿನ ಸಂತೆ. ಬಸ್ಸಿನಲ್ಲಿ ನಿಂತುಕೊಂಡೇ ಹೋದಳು. ಸಂತೆಯಲ್ಲಿ ಕಾಳು ಮಾರುವವಳು ಯಾರಿಗೆಂದು ಕೇಳಲಿಲ್ಲ, ಸೇರು ತುಂಬಿ ಅಳೆದು ಕೊಟ್ಟಳು. ಹೊಳೆಯುವ ಹೊಸ ಅಗಸಿ. ಕರಿಯವ್ವ ಅದನ್ನು ಮಡಿಲಲ್ಲಿ ಕಟ್ಟಿಕೊಂಡು ಮನೆಗೆ ಬಂದಳು.

ಮುದುಕವ್ವ ನೋಡಿದವಳೇ ಬಾಗಿಲ ಕಡೆ ಓಡಿದಳು. ಇಷ್ಟು ದಿನ ಜಗಳಾಡಿದ ಹೆಂಗಸಿಗೆ ಈಗ ಬೇರೆಯೇ ಭಯ.

"ಬಾಗಲಾ ಹಾಕ್ಕೊಂಡು ಹುರಿಯಬೇ. ಅಗಸಿ ವಾಸನಿ ಓಣಿ ತುಂಬ ಹೊಕ್ಕೈತಿ. ಹಂದಿಗೆ ಹುರಿಯಾಕತ್ತಾರ ಅಂತ ಗೊತ್ತಾದ್ರ ನಕ್ಕು ಸಾಯ್ತಾರ ಮಂದಿ."

"ಬಾಗಲಾ ಹಾಕ್ಕೊಂಡು ಕಳವು ಮಾಡಾಕತ್ತೇನೇನು ನಾನು?"

ಕರಿಯವ್ವ ಒಲೆ ಹೂಡಲು ಅಂಗಳಕ್ಕೇ ಬಂದಳು. ಮೂರು ಕಲ್ಲು ಸರಿಸಿದಳು, ಕಟ್ಟಿಗೆ ಒಟ್ಟಿದಳು, ಬಾಣಲಿ ಇಟ್ಟಳು. ಅಗಸಿ ಚಟಪಟ ಅನ್ನತೊಡಗಿತು. ಆ ವಾಸನೆ ಗೊತ್ತಲ್ಲ, ಮೂಗಿಗೆ ಬಿದ್ದರೆ ಸಾಕು, ಹೊಟ್ಟೆ ತುಂಬಿದವರಿಗೂ ರೊಟ್ಟಿ ನೆನಪಾಗುತ್ತದೆ. ಒಂದೊಂದೇ ಬಾಗಿಲು ತೆರೆಯಿತು.

"ಏನ ಕರಿಯವ್ವಾ, ಅಗಸಿ ಚಟ್ನಿ ಜೋರೈತಲ್ಲ? ಬೀಗರು ಬರೂರದಾರೇನ?" ಎದುರು ಮನೆಯ ಮಂಗಳವ್ವ ಕೇಳಿದಳು. ಅವಳ ಮನೆಯಲ್ಲೂ ಹಂದಿ ಇದ್ದವು.

"ಬೀಗರಿಗಲ್ಲ. ನನ್ನ ಹಂದಿಗೆ."

"ಹಂದಿಗೆ?"

"ಹೂಂ, ಹಂದಿಗೆ. ಮರಿ ಸಾಯಬಾರ್ದು ಅಂತ. ನಗೂದಿದ್ರ ಇಲ್ಲೇ ಬಂದು ಕುಂತು ನಗ್ರಿ, ಚಳಿ ಐತಿ, ಒಲಿ ಕಾಸಿದಂಗೂ ಆಕ್ಕೈತಿ."

ನಕ್ಕರು. ಚೆನ್ನಾಗಿಯೇ ನಕ್ಕರು. ಮುದುಕವ್ವ ಬಾಗಿಲ ಮರೆಯಲ್ಲಿ ನಿಂತು, "ಮರ್ಯಾದಿ ಎಲ್ಲಾ ಹೋತು" ಎಂದು ಗೊಣಗಿದಳು.

ಕರಿಯವ್ವ ಸವಟು ಆಡಿಸುತ್ತಲೇ ಒಳಗಿನವಳಿಗೆ ಕೇಳುವ ಹಾಗೆ ಅಂದಳು: "ಅತ್ತಿ, ನನ್ನ ಬಾಣಂತನದಾಗ ನೀವ ಕೊಬ್ರಿ ಬೆಲ್ಲಾ ಕುಟ್ಟಿ ಕುಟ್ಟಿ ತಿನಿಸಿದ್ರಿ. ತುಪ್ಪಾ ಸಾಲಾ ತಂದು ಉಣಿಸಿದ್ರಿ. ಯಾಕ ಉಣಿಸಿದ್ರಿ?"

"ಯಾಕಂದ್ರ? ಕೂಸಿನ ಹಾಲಿಗೆ ಬಲಾ ಬರ್ಲಿ ಅಂತ. ಜಿಡ್ಡು ಇಲ್ಲದ ಬಾಣಂತಿ ಹಾಲು ಹಾಲೇನಬೇ?"

"ಹಂದೀನೂ ಬಾಣಂತಿನ ಅಲ್ಲೇನ್ರಿ?"

ಮುದುಕವ್ವ ಬಾಗಿಲ ಮರೆಯಿಂದ ಇಣುಕಿ ಗೂಡಿನ ಕಡೆ ನೋಡಿದಳು. ಜೀವನವಿಡೀ ಹಂದಿಯ ಜೊತೆ ಬದುಕಿದವಳು, ಎಷ್ಟು ಹಂದಿಯ ಹೆರಿಗೆ ನೋಡಿದ್ದಳೋ ಲೆಕ್ಕವಿಲ್ಲ. ಈ ಮಾತು ಮಾತ್ರ ಒಮ್ಮೆಯೂ ತಲೆಗೆ ಬಂದಿರಲಿಲ್ಲ. ಅಷ್ಟರಲ್ಲಿ ಬಾಣಲಿಯಿಂದ ಸಣ್ಣಗೆ ಸೀದ ವಾಸನೆ ಬಂತು.

"ಏ, ಹತ್ತಾಕತ್ತೈತಿ! ಬರೀ ಮಾತ ಆತು ನಿಂದು. ತಾ ಇಲ್ಲಿ ಸವಟಾ!"

ಮುದುಕವ್ವ ಅಂಗಳಕ್ಕೆ ಬಂದು, ಸೊಸೆಯನ್ನು ಸರಿಸಿ, ಒಲೆಯ ಮುಂದೆ ಕುಳಿತಳು. ಉರಿ ತಗ್ಗಿಸಿ, ಕೈ ಬಿಡದೆ ಆಡಿಸಿ ಹದವಾಗಿ ಹುರಿದು ಇಳಿಸಿದಳು. ಓಣಿಯ ನಗು ಅಲ್ಲಿಗೆ ನಿಂತಿತು. ಮುದುಕವ್ವನ ಎದುರಿಗೆ ನಗುವ ಧೈರ್ಯ ಆ ಓಣಿಯಲ್ಲಿ ಯಾರಿಗೂ ಇರಲಿಲ್ಲ.

ಕುಟ್ಟಿ ಪುಡಿ ಮಾಡಿದರು. ನುಚ್ಚಿನ ಗಂಜಿಯಲ್ಲಿ ಸಣ್ಣ ಚಮಚದಷ್ಟು ಕಲಸಿ ಮರಿಗಳಿಗೆ ಇಟ್ಟರು. ಮೊದಲ ಹೊತ್ತು ಮರಿಗಳು ಮೂಸಿ ಬಿಟ್ಟವು. ಎರಡನೆಯ ಹೊತ್ತು ಒಂದು ಮರಿ ನೆಕ್ಕಿತು, ಅದನ್ನು ನೋಡಿ ಉಳಿದವು ನುಗ್ಗಿದವು. ಹಾಲಸಿದ್ದಪ್ಪ ಪೇಟೆಯಿಂದ ಬಂದವನು ಗೂಡು ಬಳಿದು ಒಣಹುಲ್ಲು ಹಾಕಿದ. ಯಾರೂ ಹೇಳಿರಲಿಲ್ಲ. ಸುಟ್ಟ ಎಣ್ಣೆಯ ತಪ್ಪು ಅವನನ್ನೂ ಕಾಡುತ್ತಿತ್ತು.

ವ್ಯಾಪಾರಿ ಹೇಳಿದ ವಾರಕ್ಕೆ ಬಂದ. ಒಂದು ಮರಿಯೂ ಸತ್ತಿರಲಿಲ್ಲ. ಆದರೆ ಇನ್ನೂ ಬಡಕಲಾಗಿದ್ದವು. "ಇವು ಉಳಿಯೂವಲ್ಲ, ಮತ್ತ ಬರ್ತೇನಿ" ಎಂದು ಹೋದ. ಮತ್ತೆ ಬಂದಾಗ ಮರಿಗಳ ಮೈಮೇಲಿನ ಕೂದಲು ಮಟ್ಟಸವಾಗಿ ಹೊಳೆಯುತ್ತಿದ್ದವು. ಗೂಡಿನ ಹಲಗೆಯನ್ನು ಮೂತಿಯಿಂದ ಎತ್ತಿ ಎತ್ತಿ ಬಡಿಯುತ್ತಿದ್ದವು. ನಡುವೆ ಸುಲಭಾ ಬಾಯಿಯವರು ಬಂದು ಲಸಿಕೆಯನ್ನೂ ಹಾಕಿ ಹೋಗಿದ್ದರು.

ಕರಿಯವ್ವ ಅಂದು ಕೂಲಿಯಿಂದ ಇನ್ನೂ ಬಂದಿರಲಿಲ್ಲ. ಓಣಿಯ ಬಾಯಿಯಲ್ಲಿ ಟೆಂಪೋ ಕಂಡವಳೇ ಓಡಿದಳು. ತಾನಿಲ್ಲದ ಹೊತ್ತು ನೋಡಿ ಬಂದನೋ, ಗಂಡ ಮತ್ತೆ ಹೂಂ ಅಂದನೋ ಎಂದು ಬಾಯಿಗೆ ಬಂದ ಬೈಗುಳವನ್ನೆಲ್ಲ ದಾರಿಯಲ್ಲೇ ಜೋಡಿಸಿಕೊಂಡು ಬಂದಳು.

ಬಂದು ನೋಡಿದರೆ ಗೂಡಿನ ಬಾಗಿಲಿಗೆ ಮುದುಕವ್ವ ಅಡ್ಡ ನಿಂತಿದ್ದಳು. ಪಕ್ಕದಲ್ಲಿ ಹಾಲಸಿದ್ದಪ್ಪ.

"ಮುದುಕವ್ವಾ, ಹೆಚ್ಚಿಗಿ ಕೊಡ್ತೇನಿ. ತಾಯೀನೂ, ಮರೀನೂ ಎಲ್ಲಾ ಕೂಡಿ ಕೊಡು" ಎನ್ನುತ್ತಿದ್ದ ವ್ಯಾಪಾರಿ.

"ಕೊಡಂಗಿಲ್ಲ."

"ನೀನ ಮಾತು ಕೊಟ್ಟಿದ್ದಿ. ಮಾತು ಅಂದ್ರ ಮಾತ ಅಲ್ಲೇನ?"

"ಕೊಟ್ಟಿದ್ದೆ ಖರೇ. ನಂದಲ್ಲದ್ದಕ್ಕ ಮಾತು ಕೊಟ್ಟಿದ್ದೆ, ತಪ್ಪಾತು." ಮುದುಕವ್ವ ಸೊಸೆಯ ಕಡೆ ಕೈ ಮಾಡಿದಳು. "ಹಂದಿ ಆಕೀದು. ಆಕೀನ್ನ ಕೇಳು."

ಕರಿಯವ್ವ ಜೋಡಿಸಿಕೊಂಡು ಬಂದಿದ್ದ ಬೈಗುಳವೆಲ್ಲ ವ್ಯರ್ಥವಾಯಿತು. ಕಣ್ಣು ತುಂಬಿ ಬಂದವು. ವ್ಯಾಪಾರಿಗೆ ಇಲ್ಲ ಎಂದು ತಲೆ ಅಲ್ಲಾಡಿಸಲು ಮಾತ್ರ ಆಯಿತು. ಅಷ್ಟೇ ಸಾಕಾಯಿತು.

ಮುಂದಿನ ಸಲ ಆ ಹಂದಿ ಗಬ್ಬವಾದಾಗ ಕಡೆಯ ತಿಂಗಳಿಂದಲೇ ಅಗಸಿ ಹುರಿದದ್ದು ಮುದುಕವ್ವ. ಹುಟ್ಟಿದ ಪ್ರತಿ ಮರಿಯನ್ನೂ ಒರೆಸಿ, ತಡ ಮಾಡದೆ ತಾಯಿಯ ಗಿಣ್ಣುಹಾಲಿಗೆ ಬಾಯಿ ಹಚ್ಚಿಸಿದ್ದೂ ಅವಳೇ. ಹಾಲು ಬಿಟ್ಟ ವಾರ ಬಂತು, ಹೋಯಿತು. ಒಂದು ಮರಿ, ಹುಟ್ಟುತ್ತಲೇ ಬಲಹೀನವಾಗಿದ್ದದ್ದು, ಉಳಿಯಲಿಲ್ಲ. ಉಳಿದವೆಲ್ಲ ನಿಂತವು. ಮಂಗಳವ್ವನ ಅಂಗಳದಲ್ಲೂ ಈಗ ಬಾಣಲಿ ಇಡುತ್ತಾರೆ, ಬಾಗಿಲು ತೆರೆದಿಟ್ಟುಕೊಂಡೇ.

ಹಂದಿ ಸಾಕುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಇದನ್ನು ಓದುತ್ತಿರುವ, ಕೇಳುತ್ತಿರುವ ನಿಮಗೆ ನೇರವಾಗಿಯೇ ಹೇಳುತ್ತೇವೆ. ನಿಮ್ಮ ಮರಿಗಳು ಸಾಯುವುದು ಹಣೆಬರಹದಿಂದಲ್ಲ. ಹಾಲು ಬಿಡುವ ಕಾಲದಲ್ಲಿ ಅವುಗಳ ಮೈಗೆ ಬಲ ಬೇಕು. ಹೊಸ ಅಗಸಿ ತನ್ನಿ, ಹುರಿಯಿರಿ, ಪುಡಿ ಮಾಡಿ, ವಾರಕ್ಕೆ ಬೇಕಾದಷ್ಟು ಮಾತ್ರ ಮಾಡಿಕೊಳ್ಳಿ. ಮರಿಗೆ ಹೊತ್ತಿಗೆ ಸಣ್ಣ ಚಮಚ, ಗಬ್ಬದ ಹಾಗೂ ಹಾಲೂಡುವ ತಾಯಿಗೆ ದಿನಕ್ಕೆ ಮುಷ್ಟಿ, ಅದಕ್ಕಿಂತ ಹೆಚ್ಚು ಬೇಡ. ಭಜಿ ಕರಿದ ಎಣ್ಣೆ, ಕಮಟು ಎಣ್ಣೆ ಯಾರು ಪುಕ್ಕಟೆ ಕೊಟ್ಟರೂ ಮನೆಗೆ ತರಬೇಡಿ. ಅಗಸಿ ಹಾಕಿದೆವೆಂದು ಲಸಿಕೆ ಬಿಡಬೇಡಿ. ಗೂಡು ಒಣಗಿರಲಿ, ನೀರು ತಿಳಿಯಾಗಿರಲಿ. ಭೇದಿ ಕಂಡ ದಿನವೇ ಪಶು ಆಸ್ಪತ್ರೆಗೆ ಹೋಗಿ, ಅಲ್ಲಿ ಎತ್ತಿನವರ ಹಿಂದೆ ಮುದುಡಿ ನಿಲ್ಲಬೇಡಿ, ನಿಮ್ಮ ಪಾಳಿ ನಿಮ್ಮದು. ಡಾಕ್ಟರರು ಹೇಳುವುದನ್ನು ಅರ್ಧಕ್ಕೆ ಕೇಳಿ ಬರಬೇಡಿ, ತಿಳಿಯದಿದ್ದರೆ ಮತ್ತೆ ಕೇಳಿ, ಮೂರನೆಯ ಸಲವೂ ಕೇಳಿ.

ನಗುವವರು ಇದ್ದೇ ಇರುತ್ತಾರೆ. ನಿಮ್ಮ ಮರಿ ಸತ್ತ ದಿನ ಅವರು ಯಾರೂ ಹಳ್ಳದವರೆಗೆ ಬರುವುದಿಲ್ಲ. ಮರಿ ನಿಮ್ಮದು. ಅದನ್ನು ಬದುಕಿಸಿಕೊಳ್ಳಲು ಯಾರ ಅಪ್ಪಣೆಯನ್ನೂ ಕೇಳಬೇಡಿ.